ಮಳೆಗೂ ಕೊಳ್ಳುವುದಕ್ಕೂ ನಡುವೆ ಎರಡು ತುಟಿ

ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ಮುಅ’. ವಿಯೆಟ್ನಾಮಿ ಬಾಯಲ್ಲಿ ಒಂದು ಮಳೆ, ಇನ್ನೊಂದು ಕೊಳ್ಳುವುದು. ಈ ಸ್ವರಗಳು ನಮ್ಮ ನಾಲಗೆಗೆ ಒಗ್ಗುವುದಿಲ್ಲ ಎಂದು ಕೈಬಿಡಬೇಡಿ. ಪುತ್ತೂರಿನ ಅಂಗಳದಲ್ಲಿ, ವಿರಾಜಪೇಟೆಯ ಐನ್‌ಮನೆಯಲ್ಲಿ, ಕಾರವಾರದ ಮೀನುಪೇಟೆಯಲ್ಲಿ ಇವುಗಳ ಒಡಹುಟ್ಟುಗಳು ದಿನವೂ ಕೇಳಿಸುತ್ತವೆ!

ಹನೋಯ್‌ನಲ್ಲಿ ಜುಲೈ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಹೊಆನ್ ಕಿಯೆಮ್ ಕೆರೆಯ ಮೇಲೆ ಮೋಡ ಕವಿದದ್ದೇ ತಡ, ಸ್ಕೂಟರುಗಳು ರಸ್ತೆಯ ಅಂಚಿಗೆ ಸರಿಯುತ್ತವೆ. ಸವಾರರು ಸೀಟು ಎತ್ತಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೋಟು ತೆಗೆದು, ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಮತ್ತೆ ಹೊರಟುಬಿಡುತ್ತಾರೆ. ಕೋಟು ಮರೆತು ಬಂದವರಿಗಾಗಿ ಅಂಗಡಿಯಾಕೆ ಮಡಚಿದ ತೆಳು ಕೋಟುಗಳ ಕಟ್ಟನ್ನು ಬಾಗಿಲಿಗೆ ತಂದು ತೂಗುಹಾಕುತ್ತಾರೆ.

ಸೂರಿನಡಿ ನಿಂತ ಪ್ರವಾಸಿ ಬಾಯಿಪಾಠ ಮಾಡಿಕೊಂಡ ಮೂರು ಪದ ಹೇಳುತ್ತಾನೆ: ‘ಮುಅ ಆಓ ಮುಅ’. ಮೊದಲನೆಯದು ಕೊಳ್ಳುವುದು, ನಡುವಿನದು ಅಂಗಿ, ಕೊನೆಯದು ಮಳೆ. ಮಳೆಯಂಗಿ ಬೇಕು ಎಂಬುದು ಅವನ ಮಾತು. ಅಂಗಡಿಯಾಕೆಯ ಕಿವಿಗೆ ಬಿದ್ದದ್ದು ಬೇರೆ: ಕೊಳ್ಳು, ಅಂಗಿ, ಕೊಳ್ಳು. ಅವರು ಒಳಗೆ ಹೋಗಿ ಹತ್ತಿಯ ಟೀ-ಶರ್ಟುಗಳ ರಾಶಿ ತಂದು ಮುಂದಿಡುತ್ತಾರೆ.

ಎರಡೂ ‘ಮುಅ’ಗಳಲ್ಲಿ ವ್ಯಂಜನ ಒಂದೇ. ದನಿಯ ಏರಿಳಿತವೂ ಒಂದೇ, ಎರಡನ್ನೂ ಸಮತಟ್ಟಾದ ದನಿಯಲ್ಲೇ ಹೇಳಬೇಕು. ನಾಲಗೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತದೆ. ಬೇರೆಯಾಗುವುದು ತುಟಿ. ದುಂಡಗೆ ಮುಂದೆ ಚಾಚಿದರೆ ಕೊಳ್ಳುವುದು. ಚಪ್ಪಟೆಯಾಗಿ ಹಿಂದೆಳೆದರೆ ಮಳೆ.

ಭಾರತದಿಂದ ವಿಯೆಟ್ನಾಂಗೆ ಹೋಗುವವರ ಸಂಖ್ಯೆ 2019ರಲ್ಲಿ 1.7 ಲಕ್ಷದ ಆಸುಪಾಸಿನಲ್ಲಿತ್ತು. 2024ರಲ್ಲಿ ಅದು ಐದು ಲಕ್ಷ ಮುಟ್ಟಿತು. ಬೆಂಗಳೂರಿನಿಂದಲೇ ಹೋ ಚಿ ಮಿನ್ಹ್ ನಗರಕ್ಕೆ ನೇರ ವಿಮಾನವೂ ಹಾರಿತು. ಹೋಗಿ ಬಂದವರೆಲ್ಲ ಹೇಳುವ ಮಾತು ಒಂದೇ: ‘ಊರು ಚೆಂದ, ಊಟ ಚೆಂದ, ಭಾಷೆ ಮಾತ್ರ ಬಾಯಿಗೆ ಬರಲಿಲ್ಲ.’

ತಪ್ಪೆಲ್ಲ ಆ ಭಾಷೆಯ ಆರು ಏರಿಳಿತಗಳದ್ದು ಎಂದು ಹೆಚ್ಚಿನವರು ತಿಳಿದಿದ್ದಾರೆ. ನನಗೆ ಹಾಗನಿಸುವುದಿಲ್ಲ. ಏರಿಳಿತ ಕೂರುವುದು ಸ್ವರದ ಮೇಲೆ. ಸ್ವರವೇ ಬೇರೆಯಾದರೆ ಏರಿಳಿತ ಎಷ್ಟು ಸರಿಯಿದ್ದರೂ ಪದ ಬೇರೆಯದೇ ಆಗಿರುತ್ತದೆ. ಕಲಿಕೆ ಸ್ವರದಿಂದ ಶುರುವಾಗಬೇಕು.

ಮೂರು ಸಾಲು, ಮೂರು ಕಂಬ

ವಿಯೆಟ್ನಾಮಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಒಟ್ಟು 29 ಅಕ್ಷರ, ಅದರಲ್ಲಿ 12 ಸ್ವರಾಕ್ಷರ. ಎರಡು ಅಕ್ಷರಗಳಿಗೆ ಒಂದೇ ‘ಇ’ ಉಚ್ಚಾರವಿರುವುದರಿಂದ ದನಿಗಳು 11. ಲೆಕ್ಕ ಕೇಳಿ ಗಾಬರಿಯಾಗಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ಸ್ವರವ್ಯವಸ್ಥೆ ಸಿಗುವುದು ಅಪರೂಪ.

ಒಂದು ಚೌಕ ಬರೆದು ಅದರಲ್ಲಿ ಒಂಬತ್ತು ಮನೆ ಮಾಡಿ. ಮೇಲಿನ ಸಾಲಿಗೆ ದವಡೆ ಮುಚ್ಚಿರುತ್ತದೆ, ನಡುವಿನದಕ್ಕೆ ಅರ್ಧ ತೆರೆಯುತ್ತದೆ, ಕೆಳಗಿನದಕ್ಕೆ ಚೆನ್ನಾಗಿ ತೆರೆಯುತ್ತದೆ. ಎಡಗಡೆಯ ಕಂಬದಲ್ಲಿ ನಾಲಗೆ ಮುಂದಿರುವ ಸ್ವರಗಳು: ಇ, ಬಿಗಿ ಎ, ತೆರೆದ ಎ. ಬಲಗಡೆಯ ಕಂಬದಲ್ಲಿ ನಾಲಗೆ ಹಿಂದೆ ಸರಿದು ತುಟಿ ದುಂಡಗಾಗುವ ಸ್ವರಗಳು: ಉ, ಬಿಗಿ ಒ, ತೆರೆದ ಒ. ನಡುವಿನ ಕಂಬದಲ್ಲಿ ನಾಲಗೆ ಹಿಂದಿದ್ದೂ ತುಟಿ ಚಪ್ಪಟೆಯಾಗಿರುವ ಮೂರು: ಚಪ್ಪಟೆ ಉ, ಚಪ್ಪಟೆ ಓ, ಮತ್ತು ನಮ್ಮ ಆ. ಈ ‘ಚಪ್ಪಟೆ’ ಎಂಬ ಹೆಸರು ನಾನಿಟ್ಟದ್ದು. ಕನ್ನಡ ಅಕ್ಷರಮಾಲೆಯಲ್ಲಿ ಅವಕ್ಕೆ ಗುರುತಿಲ್ಲ, ಏನಾದರೊಂದು ಕರೆಯಲೇಬೇಕಲ್ಲ.

ಒಂಬತ್ತು ಮನೆಯ ಆಚೆಗೆ ಉಳಿಯುವುದು ಎರಡೇ ಸ್ವರ. ‘ಆ’ದ ಹ್ರಸ್ವ ಒಂದು, ಚಪ್ಪಟೆ ಓ-ದ ಹ್ರಸ್ವ ಇನ್ನೊಂದು.

ಕನ್ನಡದಲ್ಲಿ ಹ್ರಸ್ವ-ದೀರ್ಘ ಬಿಟ್ಟರೆ ಮೂಲ ಸ್ವರ ಐದು: ಅ, ಇ, ಉ, ಎ, ಒ. ಉಳಿದದ್ದು ಅವುಗಳ ಉದ್ದ, ಇಲ್ಲವೇ ಕೂಡಿಕೆ. ಈ ಐದರಲ್ಲಿ ನಾಲಗೆಯ ಚಲನೆಯೂ ತುಟಿಯ ಚಲನೆಯೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ನಡೆಯುತ್ತವೆ. ನಾಲಗೆ ಹಿಂದೆ ಸರಿದು ಮೇಲೇರಿದರೆ ತುಟಿ ತಾನಾಗಿ ದುಂಡಗಾಗುತ್ತದೆ. ನಮ್ಮ ಶಿಕ್ಷಾಶಾಸ್ತ್ರದಲ್ಲೂ ‘ಉ’ ಓಷ್ಠ್ಯ, ‘ಓ’ ಕಂಠೋಷ್ಠ್ಯ. ತುಟಿ ಸೇರದೆ ಆ ಸ್ವರಗಳೇ ಇಲ್ಲ ಎಂದು ಶಾಸ್ತ್ರವೂ ಹೇಳಿತು, ಬಾಯಿಯೂ ರೂಢಿಸಿಕೊಂಡಿತು.

ವಿಯೆಟ್ನಾಮಿ ಸ್ವರ ಕಲಿಯುವುದೆಂದರೆ ಈ ಎರಡನ್ನು ಬಿಡಿಸುವುದು. ನಾಲಗೆಗೆ ಒಂದು ಕೆಲಸ, ತುಟಿಗೆ ಇನ್ನೊಂದು.

ಕನ್ನಡಿ ಹಿಡಿದು

ಚಪ್ಪಟೆ ಉ ಹಿಡಿಯಲು ಎರಡು ದಾರಿಗಳಿವೆ. ಕನ್ನಡಿಯ ಮುಂದೆ ನಿಂತು ‘ಊ’ ಎಂದು ಉದ್ದಕ್ಕೆ ಎಳೆಯಿರಿ. ದನಿ ನಿಲ್ಲಿಸದೆ, ನಾಲಗೆ ಅಲುಗಿಸದೆ, ತುಟಿಯನ್ನು ಮಾತ್ರ ‘ಈ’ ಹೇಳುವಾಗಿನ ಅಗಲಕ್ಕೆ ತನ್ನಿ. ಮೊದಮೊದಲು ನಾಲಗೆಯೂ ಜೊತೆಗೇ ಮುಂದೆ ಜಾರಿ ‘ಈ’ ಆಗಿಬಿಡುತ್ತದೆ. ಆಗ ಇನ್ನೊಂದು ದಾರಿ ನೋಡಿ. ‘ಈ’ ಎನ್ನುತ್ತ ತುಟಿಯ ಎರಡು ತುದಿಗೆ ಬೆರಳಿಟ್ಟು ಹಿಡಿದುಕೊಳ್ಳಿ, ನಾಲಗೆಯನ್ನು ಮೆಲ್ಲನೆ ಗಂಟಲಿನತ್ತ ಸರಿಸಿ. ದನಿ ಮಬ್ಬಾಗುತ್ತ ಬಂದು ಒಂದು ಕಡೆ ನಿಲ್ಲುತ್ತದೆ. ಅದೇ ಮಳೆಯ ಸ್ವರ.

ಇದು ಎಲ್ಲೆಲ್ಲೂ ಬೇಕಾಗುವ ಸ್ವರ. ಹಾಲು ಹಾಕಿದ ಕಾಫಿಗೆ ‘ಕಾ ಫೆ ಸುಅ’ ಎನ್ನುತ್ತಾರೆ, ಇಲ್ಲಿ ಸುಅ ಎಂದರೆ ಹಾಲು, ಅದು ಚಪ್ಪಟೆ. ದಕ್ಷಿಣ ವಿಯೆಟ್ನಾಂನಲ್ಲಿ ತುಟಿ ದುಂಡಗೆ ಮಾಡಿ ಅದನ್ನೇ ಹೇಳಿದರೆ ನಾಯಿ ಬೊಗಳುವುದು ಎಂದಾಗುತ್ತದೆ.

ಚಪ್ಪಟೆ ಓ ಇನ್ನೂ ಸುಲಭ, ಅದರಲ್ಲೂ ಕನ್ನಡಿಗರಿಗೆ. ‘ಅ’ ಎನ್ನಿ, ‘ಮರ’ದ ಮೊದಲ ಅಕ್ಷರದಲ್ಲಿರುವ ಅ. ದವಡೆ ಇನ್ನಷ್ಟು ತೆರೆಯದೆ, ‘ಆ’ ಆಗಲು ಬಿಡದೆ, ಅದನ್ನೇ ಎಳೆಯಿರಿ. ನಮ್ಮಲ್ಲಿ ಅ ಉದ್ದವಾದರೆ ಬಾಯಿ ಅಗಲಿಸಿ ಆ ಆಗುತ್ತದೆ. ಇಲ್ಲಿ ಬಾಯಿ ಅಗಲಿಸದೆ ಉದ್ದವಾಗಬೇಕು.

ಈ ಸ್ವರವಿಲ್ಲದೆ ವಿಯೆಟ್ನಾಂನಲ್ಲಿ ಯಾರನ್ನೂ ಕರೆಯಲಾಗುವುದಿಲ್ಲ. ನಾವು ‘ಅಣ್ಣಾ’, ‘ಅಕ್ಕಾ’ ಎಂದು ಕೂಗುವಂತೆ ಅಲ್ಲಿಯೂ ಅಪರಿಚಿತರನ್ನು ನೆಂಟಸ್ತಿಕೆ ಕಟ್ಟಿಯೇ ಕರೆಯುತ್ತಾರೆ. ಅಕ್ಕನಿಗೆ ‘ಚಿ’, ಅಣ್ಣನಿಗೆ ‘ಆನ್’, ತಮ್ಮ-ತಂಗಿಗೆ ‘ಎಮ್’, ಅತ್ತೆಗೆ ‘ಕೋ’. ಅದರ ಬೆನ್ನಿಗೊಂದು ‘ಓಯ್’ ಸೇರುತ್ತದೆ. ಹಳ್ಳಿಯಲ್ಲಿ ಗದ್ದೆಯಾಚೆಗಿನವರನ್ನು ನಾವು ಕೂಗುವ ಓಯ್ ಅದೇ, ತುಟಿ ಮಾತ್ರ ಚಪ್ಪಟೆ. ಹನೋಯ್‌ನ ಯಾವುದೇ ಊಟದ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ‘ಎಮ್ ಓಯ್’, ‘ಚಿ ಓಯ್’ ಕಿವಿಗೆ ಬೀಳುತ್ತಲೇ ಇರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವನ್ನು ನಾನು ಕಾಣೆ. ಪಾಠ ಹೇಳಿಕೊಡುವವರು ಸುತ್ತಲೂ ಕೂತಿರುತ್ತಾರೆ.

ಜಗತ್ತೆಲ್ಲ ‘ಫೋ’ ಎಂದು ಹೇಳುವ ಸೂಪಿನ ಹೆಸರಲ್ಲಿರುವುದೂ ಇದೇ ಚಪ್ಪಟೆ ಓ. ದನಿ ಒಮ್ಮೆ ತಗ್ಗಿ ಏಳಬೇಕು. ತುಟಿ ದುಂಡಗೆ ಮಾಡಿ, ದನಿ ಏರಿಸಿ ಹೇಳಿದರೆ ಅದು ಬೀದಿ.

ಅನ್ನ ಕೇಳಿದರೆ ಕಿತ್ತಳೆ

ಅನ್ನದ ಪದವನ್ನು ಕನ್ನಡದಲ್ಲಿ ಬರೆಯಹೊರಟವರು ‘ಕೋಮ್’ ಎನ್ನುತ್ತಾರೆ, ಕೆಲವರು ‘ಕಮ್’ ಎನ್ನುತ್ತಾರೆ. ಎರಡೂ ಸಾಲದು. ‘ಕ’ಕ್ಕೂ ‘ಮ್’ಗೂ ನಡುವೆ ಆ ಎಳೆದ, ಅಗಲಿಸದ ಅ ಬರಬೇಕು. ಬಾಯಿ ಅಗಲಿಸಿ ‘ಕಾಮ್’ ಎಂದರೆ ಕಿತ್ತಳೆ. ಎಳೆಯದೆ ತುಂಡಾಗಿ ‘ಕಮ್’ ಎಂದರೆ ಮೂಕ. ಅನ್ನಕ್ಕೂ ಮೂಕನಿಗೂ ಇರುವ ವ್ಯತ್ಯಾಸ ಸ್ವರದ ಉದ್ದದಲ್ಲಷ್ಟೇ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಅನ್ನದ ಪದಕ್ಕೆ ‘ಚಾಯ್’ ಸೇರಿಸಿ ಸಮದನಿಯಲ್ಲಿ ಹೇಳಿದರೆ ಮಾಂಸವಿಲ್ಲದ ಊಟ. ಚಾಂದ್ರಮಾನ ತಿಂಗಳ ಪಾಡ್ಯದಂದು, ಹುಣ್ಣಿಮೆಯಂದು ಅಲ್ಲಿನ ಬಹಳಷ್ಟು ಬೌದ್ಧರು ಅದನ್ನೇ ಉಣ್ಣುತ್ತಾರೆ, ಹಾಗಾಗಿ ಆ ಫಲಕ ಹೊತ್ತ ಅಂಗಡಿಗಳು ಎಲ್ಲ ಊರಲ್ಲೂ ಸಿಗುತ್ತವೆ. ಅದೇ ‘ಚಾಯ್’ಗೆ ದನಿ ಏರಿಸಿದರೆ ಸೀದದ್ದು ಎಂದಾಗುತ್ತದೆ. ನಿನ್ಹ್ ಬಿನ್ಹ್ ಕಡೆ ಹೆಸರುವಾಸಿಯಾದ ಗರಿಗರಿ ಸೀಕಲನ್ನ ತಟ್ಟೆಗೆ ಬರುತ್ತದೆ, ಅದರ ಮೇಲೆ ಮಾಂಸದ ಗೊಜ್ಜು ಸುರಿದಿರುವುದೂ ಉಂಟು.

ಉದ್ದದ ವಿಷಯದಲ್ಲಿ ನಾವು ಪುಣ್ಯವಂತರು. ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ತಿಣುಕುವ ಹ್ರಸ್ವ-ದೀರ್ಘ ನಮ್ಮ ಮಕ್ಕಳಿಗೆ ಒಂದನೇ ಕ್ಲಾಸಿನ ಪಾಠ. ಅಷ್ಟೇ ಅಲ್ಲ, ವಿಯೆಟ್ನಾಮಿಯ ಎರಡು ಬೇರೆಬೇರೆ ‘ತ’ಗಳು ನಮ್ಮ ತ-ಥಗಳೇ. ಕಾಗುಣಿತದ ಮೂಲೆಯಲ್ಲಿ ಕೆಲಸವಿಲ್ಲದೆ ಕೂತ ಙ, ಞಗಳಿಗೂ ಅಲ್ಲಿ ಕೈತುಂಬ ಕೆಲಸ. ಮನೆ ಎಂಬ ಪದ ಶುರುವಾಗುವುದು ಞ-ದಿಂದ, ರುಚಿ ಎಂಬುದು ಙ-ದಿಂದ.

ಆದರೆ ಅದೇ ಉದ್ದದಲ್ಲಿ ನಮಗೊಂದು ಬಲೆಯೂ ಇದೆ. ವಿಯೆಟ್ನಾಮಿಯಲ್ಲಿ ಎರಡು ತುಂಡು ಅ-ಗಳಿವೆ. ಒಂದು ಅನ್ನದ ಸ್ವರದ ಹ್ರಸ್ವ, ನಮ್ಮ ‘ಅ’ಕ್ಕೆ ಹತ್ತಿರ. ಇನ್ನೊಂದು ನಿಜವಾದ ‘ಆ’ದ ಹ್ರಸ್ವ. ಬಾಯಿ ಪೂರ್ತಿ ಅಗಲಿಸಿ, ಆದರೆ ಚಿಟಿಕೆಯಷ್ಟೇ ಹೊತ್ತು ಹೇಳುವಂಥದ್ದು. ಕನ್ನಡ ಕಿವಿ ಎರಡನ್ನೂ ‘ಅ’ ಎಂದು ಒಂದೇ ಗೂಡಿಗೆ ಹಾಕುತ್ತದೆ. ‘ತಮ್’ ಎಂಬುದನ್ನು ಅಗಲಿಸದೆ ಹೇಳಿದರೆ ಹೃದಯ, ಅಗಲಿಸಿ ಹೇಳಿದರೆ ಹಲ್ಲುಕಡ್ಡಿ, ಅಗಲಿಸಿ ಎಳೆದು ‘ತಾಮ್’ ಎಂದರೆ ಚೀನಾದಿಂದ ಬಂದ ‘ಮೂರು’. ಇಲ್ಲಿ ಉದ್ದವನ್ನು ನಂಬದೆ ದವಡೆಯನ್ನು ನೋಡಬೇಕು. ಗಲ್ಲದ ಕೆಳಗೆ ಬೆರಳಿಟ್ಟು ಹೇಳಿದರೆ ದವಡೆ ಎಷ್ಟು ಇಳಿಯಿತು ಎಂದು ಬೆರಳೇ ತಿಳಿಸುತ್ತದೆ.

ಟೊಪ್ಪಿ, ಬಟ್ಟಲು, ಗಡ್ಡ
ಒಂದೇ ಮೂಲಾಕ್ಷರದಿಂದ ಹಲವು ಸ್ವರ ಮಾಡಲು ತಲೆಯ ಮೇಲೊಂದು ಗುರುತು ಇಡುತ್ತಾರೆ. ಬಿಗಿ ಎ, ಬಿಗಿ ಒ, ಹ್ರಸ್ವ ಅ, ಈ ಮೂರಕ್ಕೂ ಟೊಪ್ಪಿ. ಹ್ರಸ್ವ ಆ-ಕ್ಕೆ ಬಟ್ಟಲಿನಂಥ ಗುರುತು. ಚಪ್ಪಟೆ ಉ ಮತ್ತು ಚಪ್ಪಟೆ ಓ-ಗಳ ಬಲಭುಜಕ್ಕೆ ಒಂದು ಸಣ್ಣ ಬಾಲ. ಅದನ್ನು ವಿಯೆಟ್ನಾಮಿನವರು ಗಡ್ಡ ಎನ್ನುತ್ತಾರೆ. ಏರಿಳಿತದ ಗುರುತು ಇವುಗಳ ಮೇಲೆ ಮತ್ತೆ ಬೇರೆ. 1938ರಲ್ಲಿ ಹನೋಯ್‌ನಲ್ಲಿ ಹುಟ್ಟಿದ ಸಾಕ್ಷರತಾ ಸಂಘ, 1945ರ ಸೆಪ್ಟೆಂಬರಿನಲ್ಲಿ ಹೊಸ ಸರ್ಕಾರ ಶುರುಮಾಡಿದ ಜನಶಿಕ್ಷಣ ಚಳವಳಿ, ಎರಡೂ ಇಂಥ ಬಣ್ಣನೆಗಳನ್ನು ಪ್ರಾಸದಲ್ಲಿ ಕಟ್ಟಿ ರೈತರಿಗೆ, ಕೂಲಿಕಾರರಿಗೆ ಅಕ್ಷರ ಕಲಿಸಿದವು. ಸರ್ಕಾರದ ಲೆಕ್ಕದಂತೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಜನ ಓದಲು ಕಲಿತರು.

ಕೋಳಿಯ ಓ, ತೋಟದ ಓ

ಬಿಗಿ ಒ, ತೆರೆದ ಒ ಎಂದರೆ ಏನು? ದೂರ ಹೋಗಬೇಕಿಲ್ಲ. ‘ಕೋಳಿ’ ಎನ್ನಿ, ಆಮೇಲೆ ‘ತೋಟ’ ಎನ್ನಿ. ಬರೆಯುವುದು ಒಂದೇ ಓ. ಆದರೆ ನಮ್ಮಲ್ಲಿ ಬಹಳ ಜನರ ಬಾಯಲ್ಲಿ ಕೋಳಿಯ ಓ ಬಿಗಿ, ತೋಟದ ಓ ತುಸು ತೆರೆದದ್ದು. ‘ಎಲ್ಲಿ’, ‘ಎಲ್ಲ’ ಹೇಳಿ ನೋಡಿ, ಅಲ್ಲಿಯೂ ಹಾಗೆಯೇ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಬಾಯಿ ಬಿಗಿಯುತ್ತದೆ, ಅ ಇದ್ದರೆ ಸಡಿಲುತ್ತದೆ. ಉತ್ತರ ಕರ್ನಾಟಕದಲ್ಲಿ ‘ಬೇಡ’ ಇನ್ನೂ ತೆರೆದುಕೊಂಡು ‘ಬ್ಯಾಡ’ವೇ ಆಯಿತು.

ನಮಗೆ ಇದು ಗಮನಕ್ಕೆ ಬಾರದ ರೂಢಿ, ಅರ್ಥ ಬದಲಾಗುವುದಿಲ್ಲ. ಅಲ್ಲಿ ಬದಲಾಗುತ್ತದೆ. ದನಿ ಇಳಿಸಿ, ತೆರೆದ ಓ-ದಿಂದ ‘ಬೋ’ ಎಂದರೆ ಹಸು. ಬಿಗಿ ಓ-ದಿಂದ ಹೇಳಿದರೆ ಧಾನ್ಯ ತುಂಬುವ ಬಿದಿರಿನ ಕಣಜ, ಆಡುಮಾತಿನಲ್ಲಿ ಪ್ರೇಯಸಿ ಅಥವಾ ಪ್ರಿಯಕರ. ಚಪ್ಪಟೆ ಓ-ದಿಂದ ಹೇಳಿದರೆ ನದಿಯ ದಡ. ಮೂರಕ್ಕೂ ಒಂದೇ ಬ, ಒಂದೇ ಇಳಿದನಿ. ಈ ಮೂರನ್ನು ಸಾಲಾಗಿ ತಪ್ಪದೆ ಹೇಳಬಲ್ಲವರು ಅರ್ಧ ದಾರಿ ಬಂದಂತೆ.

ನೆರೆಮನೆಯಲ್ಲೇ ಇತ್ತು

ಈ ಲೇಖನದಲ್ಲಿ ನಾನು ಹೇಳಲೇಬೇಕೆಂದುಕೊಂಡ ಮಾತು ಇದು. ಕನ್ನಡ ಅಕ್ಷರಮಾಲೆಯಲ್ಲಿ ಇಲ್ಲದ ಸ್ವರಗಳು ಕರ್ನಾಟಕದಲ್ಲಿ ಇಲ್ಲ ಎಂದೇನೂ ಅಲ್ಲ.

ತುಳುವರನ್ನು ಕೇಳಿ. ಮನೆಗೆ ಅವರು ‘ಇಲ್ಲ್’ ಎನ್ನುತ್ತಾರೆ, ಕಣ್ಣಿಗೆ ‘ಕಣ್ಣ್’. ಕನ್ನಡ ಲಿಪಿಯಲ್ಲಿ ಅರ್ಧಾಕ್ಷರ ಬರೆದು ನಿಲ್ಲಿಸಿದ್ದೇವೆ. ಆದರೆ ಕೊನೆಯಲ್ಲಿ ಒಂದು ಕಿರು ಸ್ವರ ಕೇಳುತ್ತದೆ, ಉ-ವಿನಂಥದ್ದು, ಆದರೆ ತುಟಿ ದುಂಡಗಾಗದ್ದು. ವಿಯೆಟ್ನಾಂನ ಮಳೆಯಲ್ಲಿರುವ ಚಪ್ಪಟೆ ಉ-ವಿನ ಒಡಹುಟ್ಟು ಅದು. ತಮಿಳಿನ ವ್ಯಾಕರಣಕಾರರು ಇಂಥದ್ದನ್ನು ಕುಟ್ರಿಯಲುಗರಂ ಎಂದು ತೊಲ್ಕಾಪ್ಪಿಯಂ ಎಂಬ ಪ್ರಾಚೀನ ವ್ಯಾಕರಣದಷ್ಟು ಹಿಂದೆಯೇ ಗುರುತಿಸಿದ್ದರು. ಮಲಯಾಳಿಗಳು ಸಂವೃತೋಕಾರ ಎಂದು ಹೆಸರಿಟ್ಟು ಬರವಣಿಗೆಯಲ್ಲಿ ಚಂದ್ರಕಲೆ ಎಂಬ ಗುರುತು ಕೊಟ್ಟರು.

ತುಳುವಿನಲ್ಲಿ ಬಿಗಿ ಎ, ತೆರೆದ ಎ ಎರಡೂ ಇವೆ, ಅರ್ಥವನ್ನೂ ಬದಲಿಸುತ್ತವೆ. ‘ಯಾನ್ ಪೋಪೆ’ ಎಂದರೆ ನಾನು ಹೋಗುತ್ತೇನೆ, ‘ಆಯೆ ಪೋಪೆ’ ಎಂದರೆ ಅವನು ಹೋಗುತ್ತಾನೆ. ಬರೆದಾಗ ಎರಡೂ ‘ಪೋಪೆ’. ಆಡುವಾಗ ಮೊದಲನೆಯದರ ಕೊನೆ ತೆರೆದದ್ದು, ಎರಡನೆಯದರದ್ದು ಬಿಗಿ. ಸರ್ವನಾಮ ಬಿಟ್ಟು ಹೇಳಿದರೂ ಯಾರು ಹೋಗುವುದೆಂದು ತುಳುವರಿಗೆ ತಿಳಿಯುತ್ತದೆ.

ಕೊಡಗಿಗೆ ಬನ್ನಿ. ಕೊಡವ ತಕ್ಕ್‌ನಲ್ಲಿ ಕನ್ನಡದ ಐದು ಸ್ವರಗಳಲ್ಲದೆ ಇನ್ನೂ ಎರಡಿವೆ. ಒಂದು ಇ-ಯ ಎತ್ತರದಲ್ಲಿ, ಇನ್ನೊಂದು ಎ-ಯ ಎತ್ತರದಲ್ಲಿ. ಎರಡಕ್ಕೂ ನಾಲಗೆ ಬಾಯಿಯ ನಡುವಿಗೆ ಸರಿದಿರುತ್ತದೆ, ತುಟಿ ಚಪ್ಪಟೆಯಾಗಿರುತ್ತದೆ. ಎರಡಕ್ಕೂ ಹ್ರಸ್ವ, ದೀರ್ಘ ಉಂಟು. ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸ ಎಂ.ಬಿ. ಎಮೆನೋ 1930ರ ದಶಕದಲ್ಲಿ ಕೊಡಗಿನಲ್ಲಿ ಕೂತು ಈ ಭಾಷೆಯನ್ನು ಕೇಳಿಸಿಕೊಂಡವರು. 1970ರಲ್ಲಿ ಕೊಡವ ಸ್ವರಗಳ ಮೇಲೆಯೇ ಲೇಖನ ಬರೆದರು. ಟ, ಡ, ಣ, ಳದಂಥ ಮೂರ್ಧನ್ಯ ವ್ಯಂಜನಗಳ ಎದುರು ಹಳೆಯ ಇ, ಎ-ಗಳು ಹಿಂದಕ್ಕೆ ಜಾರಿ ಈ ಹೊಸ ಸ್ವರಗಳು ಹುಟ್ಟಿದವು ಎಂದು ತೋರಿಸಿಕೊಟ್ಟರು. ಚೌಕದ ನಡುಗಂಬದಲ್ಲಿ ನಮಗೆ ಖಾಲಿಯಿದ್ದ ಎರಡು ಮನೆಗಳು ಕೊಡವರಿಗೆ ಖಾಲಿಯಿಲ್ಲ.

ಇನ್ನು ಕೊಂಕಣಿ. ಅದರಲ್ಲಿ ಎ-ಯೂ ಎರಡು ಬಗೆ, ಒ-ವೂ ಎರಡು ಬಗೆ, ಬಿಗಿ ಮತ್ತು ತೆರೆದದ್ದು. ದೇವನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ ಬರೆದರೆ ಭೇದ ಕಾಣುವುದಿಲ್ಲ. ಮನೆಮಾತಿನವರಿಗೆ ಮಾತ್ರ ಗೊತ್ತು.

ಮೂರನ್ನೂ ಒಟ್ಟಿಗಿಟ್ಟರೆ ವಿಯೆಟ್ನಾಮಿಯ ಒಂಬತ್ತು ಮನೆಗಳೂ ಬಹುತೇಕ ತುಂಬುತ್ತವೆ. ಕಡತಕ್ಕೆ, ಪಠ್ಯಪುಸ್ತಕಕ್ಕೆ ಒಂದು ಲಿಪಿ ಸಾಕೆಂದು ನಾವು ನಡೆದುಬಂದಿದ್ದೇವೆ. ಆ ಲಿಪಿ ಹಿಡಿದಿಡದ ದನಿಗಳನ್ನು ಕಾಪಾಡಿಕೊಂಡು ಬಂದವರು ಈ ಭಾಷೆಗಳ ಅಜ್ಜಿಯರು, ಮೀನು ಮಾರುವವರು, ಗದ್ದೆಯ ಕೆಲಸದವರು. ವಿಯೆಟ್ನಾಮಿ ಕಲಿಯುವ ಮಂಗಳೂರಿನ ಹುಡುಗಿಗೆ ‘ಇಲ್ಲಿ ಇಂಗ್ಲಿಷ್‌ನ ಹಾಗೆ ಹೇಳು’ ಎನ್ನುವ ಮೇಷ್ಟರಿಗಿಂತ ‘ನಿನ್ನ ಅಜ್ಜಿ ಇಲ್ಲ್ ಎಂದಾಗ ಕೊನೆಯಲ್ಲಿ ಏನು ಕೇಳುತ್ತದೆ ನೋಡು’ ಎನ್ನುವ ಮೇಷ್ಟರು ಬೇಕು.

ಹಕ್ಕಿಯ ಚಿಲಿಪಿಲಿ ಎಂದುಕೊಂಡವರು

ಈ ಸ್ವರಗಳನ್ನು ಮೊದಲು ರೋಮನ್ ಅಕ್ಷರಕ್ಕಿಳಿಸಿದವರೂ ದೊಡ್ಡವರಾದ ಮೇಲೆ ಕಲಿತವರೇ. ಪೋರ್ಚುಗೀಸ್ ಜೆಸ್ವಿಟ್ ಪಾದ್ರಿ ಫ್ರಾನ್ಸಿಸ್ಕೊ ದೆ ಪಿನಾ 1617ರಲ್ಲಿ ಇಂದಿನ ಮಧ್ಯ ವಿಯೆಟ್ನಾಂಗೆ ಬಂದರು. ಅಲ್ಲಿನ ಭಾಷೆಯನ್ನು ದುಭಾಷಿಯ ನೆರವಿಲ್ಲದೆ ಆಡಲು ಕಲಿತ ಮೊದಲ ಯುರೋಪಿಯನ್ನರಲ್ಲಿ ಅವರೊಬ್ಬರು. 1625ರಲ್ಲಿ ಕಡಲಲ್ಲಿ ಮುಳುಗಿ ತೀರಿಕೊಂಡರು.

ಅವರ ಬಳಿ ಕಲಿತ ಅವಿನ್ಯೋನ್‌ನ ಅಲೆಕ್ಸಾಂದ್ರ್ ದ ರೋಡ್ ಬಂದದ್ದು 1624ರ ಡಿಸೆಂಬರಿನಲ್ಲಿ, ಗೋವಾದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಕಳೆದು, ಮಕಾವ್ ದಾರಿಯಾಗಿ. ಅಲ್ಲಿನ ಹೆಂಗಸರ ಮಾತು ಮೊದಲು ಹಕ್ಕಿಗಳ ಚಿಲಿಪಿಲಿಯಂತೆ ಕೇಳಿಸಿತೆಂದೂ, ಕಲಿಯುವ ಆಸೆಯನ್ನೇ ಬಿಟ್ಟಿದ್ದೆನೆಂದೂ ಅವರು ಮುಂದೆ ನೆನೆದಿದ್ದಾರೆ. ಕೊನೆಗೆ ದನಿಯ ಏರಿಳಿತ ಹೇಳಿಕೊಟ್ಟವನು ಒಬ್ಬ ಸ್ಥಳೀಯ ಹುಡುಗ. ಮೂರು ವಾರ ಸಾಕಾಯಿತಂತೆ. ಆ ಹುಡುಗನಿಗೆ ಯುರೋಪಿನ ಯಾವ ಭಾಷೆಯೂ ಬಾರದು. ವ್ಯಾಕರಣದ ಒಂದು ಮಾತೂ ಇಲ್ಲದೆ, ಹೇಳಿ, ಹೇಳಿಸಿ, ತಿದ್ದಿ ಕಲಿಸಿದ.

1651ರಲ್ಲಿ ರೋಮ್‌ನಲ್ಲಿ ರೋಡ್ ಅವರ ವಿಯೆಟ್ನಾಮಿ-ಪೋರ್ಚುಗೀಸ್-ಲ್ಯಾಟಿನ್ ನಿಘಂಟು ಅಚ್ಚಾಯಿತು. ಗಾಸ್ಪರ್ ದೊ ಅಮರಾಲ್, ಅಂತೋನಿಯೊ ಬಾರ್ಬೋಸಾ ಎಂಬ ಇಬ್ಬರು ಜೆಸ್ವಿಟರು ಮೊದಲೇ ಮಾಡಿಟ್ಟಿದ್ದ ಪದಕೋಶಗಳ ಋಣವನ್ನು ಅವರು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಏರಿಳಿತದ ಗುರುತುಗಳಿಗೆ ಗ್ರೀಕ್ ಬರವಣಿಗೆಯ ಸ್ವರಚಿಹ್ನೆಗಳನ್ನು ತಂದರು, ಒಂದಕ್ಕೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಟ್ಟರು.

ಅದೇ ಕಾಲದಲ್ಲಿ ನಮ್ಮ ಗಡಿಯಾಚೆಯೂ ಇಂಥದ್ದೇ ಕೆಲಸ ನಡೆದಿತ್ತು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಗೋವಾದ ರಾಚೋಲ್‌ನಲ್ಲಿ ಅಚ್ಚಾಯಿತು. ರೋಮನ್ ಲಿಪಿಯ ಕೊಂಕಣಿ ಇಂದಿಗೂ ಗೋವಾದಲ್ಲಿ ಬಳಕೆಯಲ್ಲಿದೆ. ಆದರೆ ಬಿಗಿ-ತೆರೆದ ಸ್ವರಗಳಿಗೆ ಪ್ರತಿ ಪದದಲ್ಲೂ ತಪ್ಪದೆ ಬೇರೆ ಗುರುತು ಇಡುವ ಪಟ್ಟು ವಿಯೆಟ್ನಾಮಿಗೆ ಒಲಿದಷ್ಟು ಕೊಂಕಣಿಗೆ ಒಲಿಯಲಿಲ್ಲ. ಅದು ನನಗೆ ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ಭಾರತದಲ್ಲಿ ಅಚ್ಚಾದ ವಿಯೆಟ್ನಾಮಿ ನಿಘಂಟು
ಫ್ರೆಂಚ್ ಪಾದ್ರಿ ಪಿನ್ಯೊ ದ ಬೆಹೆನ್ 1770ರ ದಶಕದ ಮೊದಲ ವರ್ಷಗಳಲ್ಲಿ ಪುದುಚೇರಿಯ ಬಳಿ ನೆಲೆಸಿ, ವಿಯೆಟ್ನಾಮಿ ಸಂಗಡಿಗರ ನೆರವಿನಿಂದ ಒಂದು ದೊಡ್ಡ ಪದಕೋಶದ ಹಸ್ತಪ್ರತಿ ಸಿದ್ಧಮಾಡಿದರು. ಅದನ್ನು ಮುಂದುವರಿಸಿದ ಬಿಷಪ್ ಝಾನ್-ಲೂಯಿ ತಬೇರ್ ತಮ್ಮ ವಿಯೆಟ್ನಾಮಿ-ಲ್ಯಾಟಿನ್ ನಿಘಂಟನ್ನು 1838ರಲ್ಲಿ ಅಚ್ಚುಮಾಡಿಸಿದ್ದು ಬಂಗಾಳದ ಶ್ರೀರಾಂಪುರದಲ್ಲಿ. ಆಗ ಅದು ಡೆನ್ಮಾರ್ಕಿನವರ ವಸಾಹತು. ವಿಯೆಟ್ನಾಮಿ ಭಾಷೆಯ ನಂಟರೂ ಭಾರತದಲ್ಲಿದ್ದಾರೆ: ಮೇಘಾಲಯದ ಖಾಸಿ, ಜಾರ್ಖಂಡ್ ಸುತ್ತಿನ ಸಂತಾಲಿ, ಮುಂಡಾರಿ. ಎಲ್ಲವೂ ಆಸ್ಟ್ರೋ-ಏಷ್ಯಾಟಿಕ್ ಕುಟುಂಬದವು. ಒಂದು ಕಾಲಕ್ಕೆ ವಿಯೆಟ್ನಾಮಿಯಲ್ಲೂ ಏರಿಳಿತ ಇರಲಿಲ್ಲ, ಉದುರಿಹೋದ ಕೊನೆಯ ವ್ಯಂಜನಗಳು ಬಿಟ್ಟುಹೋದ ಕುರುಹು ಅದು ಎಂದು ಫ್ರೆಂಚ್ ವಿದ್ವಾಂಸ ಓದ್ರಿಕೂರ್ 1954ರಲ್ಲಿ ವಿವರಿಸಿದರು.

ಮೊದಲು ಕಿವಿ

ಬಾಯಿ ಮಾಡಲಾರದ್ದಕ್ಕೆ ಹೆಚ್ಚಿನ ಸಲ ಕಾರಣ ಕಿವಿ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ ಟ ಮತ್ತು ತ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ಭೇದ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಸ್ವರಗಳ ವಿಷಯದಲ್ಲಿ ಕಿವಿ ಇನ್ನೂ ಬೇಗ ಮನೆಮಾತಿಗೆ ಒಗ್ಗುತ್ತದೆ. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 1992ರಲ್ಲಿ ಸ್ವೀಡನ್ ಮತ್ತು ಅಮೆರಿಕದ ಮಕ್ಕಳಲ್ಲಿ ಆರು ತಿಂಗಳಿಗೇ ಅದನ್ನು ಕಂಡರು.

ಒಮ್ಮೆ ಒಗ್ಗಿದ ಕಿವಿಯನ್ನು ಮತ್ತೆ ತೆರೆಯಬಹುದು. 1990ರ ದಶಕದ ಆರಂಭದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು ಜಪಾನೀಯರಿಗೆ ಇಂಗ್ಲಿಷ್‌ನ ರ ಮತ್ತು ಲ ಭೇದ ಕಲಿಸಿದರು. ಒಬ್ಬರ ದನಿಯನ್ನಷ್ಟೇ ಕೇಳಿ ಕಲಿತವರು ಹೊಸಬರು ಮಾತಾಡಿದಾಗ ತಡವರಿಸಿದರು. ಹಲವರ ದನಿ ಕೇಳಿ ಕಲಿತವರಿಗೆ ಹೊಸಬರ ಮಾತೂ ಹಿಡಿಯಿತು.

ಹಾಗಾಗಿ ಒಂದೇ ಆ್ಯಪ್, ಒಂದೇ ವಿಡಿಯೊ ಹಿಡಿದು ಕೂರುವುದು ಸಾಲದು. ಮುದುಕರ, ಮಕ್ಕಳ, ಗಂಡಸರ, ಹೆಂಗಸರ ದನಿಯಲ್ಲಿ ಅದೇ ಜೋಡಿಪದಗಳನ್ನು ಕೇಳಬೇಕು. ಮೊದಲ ದಿನಗಳಲ್ಲಿ ಬಾಯಿ ತೆರೆಯದೆ, ಯಾವುದು ದುಂಡು, ಯಾವುದು ಚಪ್ಪಟೆ ಎಂದು ಗುರುತಿಸುವುದಷ್ಟೇ ಮಾಡಿದರೂ ನಷ್ಟವಿಲ್ಲ. ಬಿಡಿ ಸ್ವರಕ್ಕಿಂತ ಪದದೊಳಗಿನ ಸ್ವರ ಕೇಳುವುದು ಮೇಲು, ಏಕೆಂದರೆ ಅಕ್ಕಪಕ್ಕದ ವ್ಯಂಜನ ತುಟಿಯನ್ನು ಎಳೆದಾಡುತ್ತದೆ.

ತುಟಿಯ ಇನ್ನೊಂದು ಆಟವನ್ನು ಪಾಠದ ಪುಸ್ತಕಗಳು ಬಹಳ ಸಲ ಹೇಳುವುದೇ ಇಲ್ಲ. ದುಂಡು ಸ್ವರದ ಮುಂದೆ ಪದದ ಕೊನೆಯಲ್ಲಿ ‘ಙ್’ ಅಥವಾ ‘ಕ್’ ಬಂದರೆ ತುಟಿಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ. ಅಜ್ಜನಿಗೆ ಹೇಳುವ ‘ಓಙ್’, ಇಲ್ಲ ಎನ್ನುವ ‘ಖೋಙ್’, ಕಲಿ ಎನ್ನುವ ‘ಹೊಕ್’, ಎಲ್ಲದರ ಕೊನೆಗೂ ಬಾಯಿ ಮುಚ್ಚಿ ಕೆನ್ನೆ ತುಸು ಉಬ್ಬುತ್ತದೆ. ಮ್ ಹೇಳಿದಂತೆ ಕೇಳುತ್ತದೆ, ಆದರೆ ನಾಲಗೆ ಙ್ ಜಾಗದಲ್ಲೇ ಇರುತ್ತದೆ.

ಯಾವ ಊರಿನ ದನಿ?

ಕೂಡುಸ್ವರಗಳಿಗೆ ಬಂದಾಗ ಧೈರ್ಯಗೆಡಬಾರದು. ಮನುಷ್ಯ ಎಂಬ ಪದದಲ್ಲಿ ಮೊದಲು ಙ, ಆಮೇಲೆ ಚಪ್ಪಟೆ ಉ, ಅಲ್ಲಿಂದ ಚಪ್ಪಟೆ ಓ, ಕೊನೆಗೆ ಇ, ಎಲ್ಲ ಒಂದೇ ಉಸಿರಲ್ಲಿ. ತುಟಿ ಮೊದಲಿಂದ ಕೊನೆತನಕ ಚಪ್ಪಟೆ ಇದ್ದರೆ ಸಾಕು, ನಾಲಗೆ ದಾರಿ ಕಂಡುಕೊಳ್ಳುತ್ತದೆ. ಮದ್ಯಕ್ಕೆ ಹೇಳುವ ಪದದಲ್ಲಿ ಚಪ್ಪಟೆಯಿಂದ ಶುರುಮಾಡಿ ದುಂಡಿಗೆ ಮುಗಿಸಬೇಕು. ಅದು ಹನೋಯ್‌ನವರಿಗೇ ಕಷ್ಟ. ಅಲ್ಲಿ ಬಹಳ ಜನ ಮೊದಲ ಚಪ್ಪಟೆ ಉ-ವನ್ನು ‘ಇ’ ಮಾಡಿ ಹೇಳುತ್ತಾರೆ. ಜಿಂಕೆಯ ಪದಕ್ಕೂ ಅದೇ ಗತಿ.

ಉತ್ತರದ ಹನೋಯ್‌ನ ದನಿ ಕಲಿಯಬೇಕೇ, ದಕ್ಷಿಣದ ಸೈಗಾನ್‌ನದೇ (ಹೋ ಚಿ ಮಿನ್ಹ್ ನಗರದ ಹಳೆಯ ಹೆಸರು)? ಹನೋಯ್‌ನಲ್ಲಿ ಆರು ಏರಿಳಿತ ಬೇರೆಬೇರೆ ಉಳಿದಿವೆ. ದಕ್ಷಿಣದಲ್ಲಿ ಎರಡು ಕೂಡಿ ಐದಾಗಿವೆ, ಪದದ ಕೊನೆಯ ‘ನ್’ ಎಷ್ಟೋ ಕಡೆ ‘ಙ್’ ಆಗಿದೆ. ಚೌಕದ ಒಂಬತ್ತು ಮನೆಗಳು ಮಾತ್ರ ಎರಡೂ ಕಡೆ ಇವೆ, ಅದನ್ನು ಮೊದಲು ಗಟ್ಟಿಮಾಡಿಕೊಂಡವರಿಗೆ ಉಳಿದದ್ದು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಎಲ್ಲಿಗೆ ಹೋಗುವಿರೋ, ಯಾರೊಡನೆ ಮಾತಾಡುವಿರೋ ಅವರ ದನಿಯನ್ನೇ ಕೇಳಿ ಕಲಿಯಿರಿ. ಎರಡನ್ನೂ ಒಟ್ಟಿಗೆ ಹಿಡಿಯಹೋದರೆ ಯಾವುದೂ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಆಯ್ಕೆ ಸುಲಭ. ವಿಯೆಟ್ನಾಂನ ಹೊರಗೆ ಅತಿ ಹೆಚ್ಚು ವಿಯೆಟ್ನಾಮಿಯರು ಇರುವ ಊರು ಅದು, ಒಂದು ಲಕ್ಷಕ್ಕೂ ಮೇಲೆ. ವಿಯೆಟ್ನಾಂ ಯುದ್ಧ ಮುಗಿದ 1975ರ ನಂತರ ಬಂದ ಕುಟುಂಬಗಳಲ್ಲಿ ಹೆಚ್ಚಿನವು ದಕ್ಷಿಣದವು. ಅಲ್ಲಿ ‘ಚಿ ಓಯ್’ ಎಂದು ಕರೆದು ತಪ್ಪು ತಿದ್ದಿಸಿಕೊಳ್ಳಲು ವಿಮಾನ ಹತ್ತಬೇಕಿಲ್ಲ, ಕಲಿಸಬಲ್ಲವರು ಪಕ್ಕದ ಬೀದಿಯ ಅಂಗಡಿಯಲ್ಲೇ ಇದ್ದಾರೆ.